ಮತ್ತಿಗಿರಿಯ ಒದ್ದೆ ಷೀಟುಗಳು

ಕೊರೋನಾ ಕಳೆದು ಕಾರ್ಖಾನೆಗಳ ಶಿಫ್ಟು ಮೊದಲಿನಂತೆ ನಡೆಯತೊಡಗಿದ್ದ ಕಾಲ. ನಾನಾಗ ಹೊಸೂರಿನ ಒಂದು ಸರ್ವೀಸ್ ಸೆಂಟರಿನಲ್ಲಿ ಸೀನಿಯರ್ ಟೆಕ್ನೀಷಿಯನ್ ಆಗಿದ್ದೆ. ಫ್ರಿಜ್ಜು, ವಾಷಿಂಗ್ ಮಿಷನ್ ಎಲ್ಲವನ್ನೂ ನೋಡುತ್ತಿದ್ದರೂ ಡ್ರೈಯರ್ ಕೇಸು ಬಂದರೆ ಉಳಿದವರು ಮೆಲ್ಲಗೆ ನನ್ನ ಕಡೆ ತಳ್ಳುತ್ತಿದ್ದರು. ಬಿಸಿಲಿರುವ ಊರಿನಲ್ಲಿ ಬಟ್ಟೆ ಒಣಗಿಸಲು ಮಿಷನ್ ಏಕೆ ಎಂದು ಬಹಳ ಜನ ಕೇಳುತ್ತಾರೆ. ಅವರು ಮಳೆಗಾಲದ ಹೊಸೂರನ್ನು ನೋಡಿರುವುದಿಲ್ಲ. ಜಿಟಿಜಿಟಿ ಹನಿ, ಬಿಡದ ಮೋಡ, ತಣ್ಣನೆ ಗಾಳಿ. ಒಂದು ಕರ್ಚೀಫು ಒಣಗಲಿಕ್ಕೂ ದಿನಗಟ್ಟಲೆ ತಂತಿಯ ಮೇಲೆ ನೇತಾಡಬೇಕು.

ಅಂಥದೇ ಒಂದು ಬೆಳಿಗ್ಗೆ ಮತ್ತಿಗಿರಿಯ ಮಂಜುಳಾ ಎಂಬವರ ಕೇಸು ನನ್ನ ಪಾಲಿಗೆ ಬಂತು. ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯ ಪಕ್ಕದ ಶೆಡ್ಡಿನಲ್ಲಿ ಲಾಂಡ್ರಿ ತೆರೆದಿದ್ದ ಹೆಣ್ಣುಮಗಳು. ಜೊತೆಗೆ ಅವರ ಅತ್ತೆ, ಗುಮ್ಮಳಾಪುರದ ಸಾಕಮ್ಮ. ಲಾಂಡ್ರಿ ನಿಂತದ್ದೇ ಒಂದು ಹೆರಿಗೆ ನರ್ಸಿಂಗ್ ಹೋಮಿನ ಬೆಡ್‌ಷೀಟುಗಳ ಮೇಲೆ. ಈಚೆಗೆ ಆ ಷೀಟುಗಳು ಹಸಿಯಾಗಿಯೇ ಹೋಗಿ, ಹಾಗೇ ವಾಪಸು ಬರುತ್ತಿದ್ದವು. ನನಗಿಂತ ಮೊದಲು ಹೋಗಿದ್ದವರೊಬ್ಬರು ಹೀಟರ್ ಬದಲಾಯಿಸಿದ್ದರು, ಇನ್ನೊಬ್ಬರು ಬೋರ್ಡನ್ನೇ ಬದಲಾಯಿಸಿದ್ದರು. ಪಾರ್ಟು ಬದಲಾಯಿಸಿದ್ದೇ ಬಂತು, ಷೀಟು ಮಾತ್ರ ಒಣಗಲಿಲ್ಲ.

ನಾನು ಹೋದಾಗ ಮಂಜುಳಾ ಫೋನ್ ಹಿಡಿದು ನಿಂತಿದ್ದರು. ಆಸ್ಪತ್ರೆಯ ಹೆಡ್ ಸಿಸ್ಟರ್ ತಮಿಳಿನಲ್ಲಿ ಮಾತಾಡಿ ಇಟ್ಟಿದ್ದರಷ್ಟೆ.

“ಇನ್ನೈಕ್ಕುಂ ಈರಮಾ ವಂದಾ ನಾಳೈಲಿರುಂದು ವೇಂಡಾಂ ಅಂದ್ಬುಟ್ರು ಅಣ್ಣಾ. ಇವತ್ತೂ ಹಸಿ ಷೀಟು ಹೋದ್ರೆ ನಾಳೆಯಿಂದ ನಮ್ಗೆ ಕೆಲ್ಸಾನೇ ಇಲ್ಲ. ಮುಗೀತು ಅಂತ ಮಿಷನ್ನೇ ಕೂಗ್ತದೆ, ತೆಗೆದು ನೋಡಿದ್ರೆ ಹಸೀ ಹಂಗೇ ಇರ್ತವೆ.”

ಬಾಗಿಲಲ್ಲಿ ಕೂತಿದ್ದ ಸಾಕಮ್ಮ ಬಾಯಿ ಹಾಕಿದರು. “ನಾನು ಅವತ್ತೇ ಹೇಳ್ದೆ ಕಣಪ್ಪ, ಬಟ್ಟೆ ಒಣಗ್ಸಕ್ಕೆ ಮಿಷನ್ನು ಯಾಕೆ ಅಂತ. ಇವ್ಳು ಕೇಳ್ಬೇಕಲ್ಲ.”

ಅತ್ತೆ ಸೊಸೆ ನಡುವೆ ಮಾತಾಡುವ ತಪ್ಪನ್ನು ನಾನು ಯಾವ ಮನೆಯಲ್ಲೂ ಮಾಡುವುದಿಲ್ಲ. ಸುಮ್ಮನೆ ಸ್ಕ್ರೂಡ್ರೈವರ್ ತೆಗೆದೆ.

ಡ್ರೈಯರ್ ಮಾಡುವ ಕೆಲಸ ಸರಳ. ಬಟ್ಟೆಯನ್ನು ಡ್ರಮ್ಮಿನಲ್ಲಿ ತಿರುಗಿಸುತ್ತ ಬಿಸಿಗಾಳಿ ಹಾಯಿಸುತ್ತದೆ, ಹಬೆಯನ್ನು ಪೈಪಿನ ಮೂಲಕ ಹೊರಗೆ ತಳ್ಳುತ್ತದೆ. ಯಾವಾಗ ನಿಲ್ಲಬೇಕೆಂದು ಹೇಳಲು ಒಳಗೆ ಒಂದು ಸೆನ್ಸರ್ ಇದೆ: ಅಕ್ಕಪಕ್ಕ ಕೂರಿಸಿದ ಎರಡು ಸ್ಟೀಲ್ ಪಟ್ಟಿಗಳು. ಒದ್ದೆ ಬಟ್ಟೆ ಎರಡನ್ನೂ ತಾಗಿದರೆ ಸಣ್ಣ ಕರೆಂಟು ಹರಿಯುತ್ತದೆ, ಇನ್ನೂ ಹಸಿಯಿದೆ ಎಂದು ಮಿಷನ್ನಿಗೆ ತಿಳಿಯುತ್ತದೆ. ಕರೆಂಟು ಹರಿಯದಿದ್ದರೆ ಒಣಗಿತು ಎಂದು ನಿಲ್ಲಿಸುತ್ತದೆ. ಇಲ್ಲಿ ಅದು ಬೇಗ ನಿಲ್ಲುತ್ತಿತ್ತು. ಟೈಮರ್ ಇಟ್ಟು ಓಡಿಸಿದರೂ ಷೀಟುಗಳು ಒಳಗೇ ಬೆಂದಂತಾಗುತ್ತಿದ್ದವೇ ಹೊರತು ಒಣಗುತ್ತಿರಲಿಲ್ಲವಂತೆ.

ಖಾಲಿ ಡ್ರಮ್ ಓಡಿಸಿದೆ, ಶಾಖ ಸರಿಯಾಗಿತ್ತು. ಪೈಪು ಬಿಚ್ಚಿ ನೋಡಿದೆ, ಗೂಡೂ ಇಲ್ಲ ಗುಬ್ಬಚ್ಚಿಯೂ ಇಲ್ಲ. ಆದರೆ ಪೈಪಿನ ಬಾಯಿಗೆ ಕೈ ಹಿಡಿದಾಗ ಬಂದ ಗಾಳಿ ನಿದ್ದೆ ಹೋದವರ ಉಸಿರಿನಷ್ಟೇ ಇತ್ತು. ಬಟ್ಟೆಯ ಜುಂಗು ಹಿಡಿಯುವ ಫಿಲ್ಟರ್ ತರಿಸಿದೆ. ಕನ್ನಡಿಯಂತೆ ಹೊಳೆಯುತ್ತಿತ್ತು.

“ಪ್ರತಿ ಸಲಾನೂ ಒರೆಸ್ತೀನಿ ಅಣ್ಣಾ,” ಎಂದರು ಮಂಜುಳಾ. ಸುಳ್ಳಲ್ಲ, ಅದನ್ನು ನೋಡಿದರೇ ಗೊತ್ತಾಗುತ್ತಿತ್ತು.

ಒಂದು ಚೆಂಬು ನೀರು ಕೇಳಿದೆ. ಫಿಲ್ಟರನ್ನು ಅಡ್ಡ ಹಿಡಿದು ಬಲೆಯ ಮೇಲೆ ಸುರಿದೆ. ತಕ್ಷಣ ಸೋರಿಹೋಗಬೇಕಾದ ನೀರು ತಟ್ಟೆಯಲ್ಲಿ ನಿಂತ ಹಾಗೆ ನಿಂತಿತು. ಸಾಕಮ್ಮ ಎದ್ದು ಬಂದು ಬಗ್ಗಿದರು.

“ಜರಡೀಲಿ ನೀರು ನಿಂತದಲ್ಲಪ್ಪ.”

ಕಣ್ಣಿಗೆ ಕಾಣದ ಯಾವುದೋ ಪೊರೆ ಬಲೆಯ ತೂತುಗಳನ್ನೆಲ್ಲ ಮುಚ್ಚಿತ್ತು. ಗಾಳಿ ಕಟ್ಟಿದ್ದು ಅದಕ್ಕೇ. ಕೈ ಒದ್ದೆ ಮಾಡಿಕೊಂಡು ಸೆನ್ಸರ್ ಪಟ್ಟಿಗಳನ್ನು ಉಜ್ಜಿದೆ. ಅಲ್ಲೂ ಅದೇ, ಒಣಗಿದಾಗ ಕಾಗದದಂತೆ, ನೆನೆದರೆ ಲೋಳೆ. ಹಸಿ ಬಟ್ಟೆ ತಾಗಿದರೂ ಕರೆಂಟು ಹರಿಯದಂತೆ ತಡೆದದ್ದೂ ಅದೇ. ಬಟ್ಟೆ ಮೆತ್ತಗಾಗಲು ಏನಾದರೂ ಹಾಕುತ್ತೀರಾ ಎಂದು ಕೇಳಿದೆ. ಮಂಜುಳಾ ಇಲ್ಲವೆಂದರು. ಸಾಕಮ್ಮ ನನ್ನ ಬೆರಳ ತುದಿಯ ಲೋಳೆಯನ್ನು ತಮ್ಮ ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿದರು. ಅವರ ಮುಖ ಸಣ್ಣಗಾಯಿತು.

“ಇದು ನನ್ನ ಗಂಜಿ.”

ಸಬ್ಬಕ್ಕಿ ಕಾಯಿಸಿ, ಸೋಸಿ ಸಾಕಮ್ಮ ಮಾಡುತ್ತಿದ್ದ ಗಂಜಿಗೆ ದೂರದ ಬೇರಿಕೆ ಊರಿನವರೆಗೂ ಹೆಸರಿತ್ತು. ಟೀಚರುಗಳ ಕಾಟನ್ ಸೀರೆ, ಪಕ್ಷದವರ ಬಿಳಿ ಪಂಚೆ ಎಲ್ಲ ಅವರ ಕೈಯಲ್ಲೇ ಗರಿಗರಿಯಾಗಬೇಕು. ಪಕ್ಷ ಯಾವುದೇ ಇರಲಿ, ಗಂಜಿ ಮಾತ್ರ ಒಂದೇ. ಅವನ್ನು ಯಾವಾಗಲೂ ತಾರಸಿಯ ಬಿಸಿಲಿಗೆ ಹಾಕುತ್ತಿದ್ದರು. ಈ ಮಳೆಗೆ ಮುಗ್ಗಲು ವಾಸನೆ ಬಂತೆಂದು ಮಿಷನ್ನಿಗೆ ಹಾಕತೊಡಗಿದ್ದರು. ಪಂಚೆ ತೆಳು, ಹೇಗೋ ಒಣಗುತ್ತಿತ್ತು. ದಪ್ಪ ಷೀಟುಗಳಿಗೆ ಕುತ್ತು ಬಂದಿತ್ತು. ಷೀಟಿಗೆ ಗಂಜಿ ಹಾಕುತ್ತಿರಲಿಲ್ಲವಾದ್ದರಿಂದ ಗಂಜಿಯ ಮಾತನ್ನು ಯಾರೂ ಎತ್ತಿರಲಿಲ್ಲ, ನಮ್ಮವರೂ ಕೇಳಿರಲಿಲ್ಲ.

ಸಾಕಮ್ಮ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟರು. “ನನ್ನ ಕೈಯಾರೆ ಹಾಳ್ಮಾಡ್ಬುಟ್ನಲ್ಲವ್ವಾ. ಇನ್ಮೇಲೆ ಗಂಜಿ ಕೆಲ್ಸ ಬ್ಯಾಡ ಬುಡು.”

ಅಷ್ಟು ಹೊತ್ತು ಮಿಷನ್ನನ್ನು ಬೈಯುತ್ತಿದ್ದ ಅಜ್ಜಿ ಹಾಗೆ ಕೂತದ್ದು ನೋಡಿ ನನಗೆ ಸಂಕಟವಾಯಿತು. ಮಂಜುಳಾ ಏನಾದರೂ ಅಂದಾರು ಎಂದು ನೋಡಿದೆ. ಅವರು ಅತ್ತೆಯ ಪಕ್ಕ ಹೋಗಿ ನಿಂತರು.

“ಅಮ್ಮ, ಗಂಜಿ ನಿಮ್ಮದು, ತೊಳೆಯೋರೂ ನೀವೇ ಆಗ್ಬೇಕು,” ಎಂದು ಮೆತ್ತನೆಯ ಬ್ರಷ್ಷನ್ನು ಅವರ ಕೈಗೇ ಕೊಟ್ಟೆ. “ಬಿಸಿನೀರು ಇಡಿ. ಮಿಷನ್ನಿಗೆ ಏನೂ ಆಗಿಲ್ಲ.”

ಗಂಜಿ ಬಿಸಿನೀರಿಗೆ ಕರಗುತ್ತದೆ ಎಂದು ಸಾಕಮ್ಮನಿಗೆ ನಾನು ಹೇಳಿಕೊಡಬೇಕಿರಲಿಲ್ಲ. ಅವರು ಫಿಲ್ಟರ್ ತೊಳೆದರು, ನಾನು ಕರೆಂಟು ತೆಗೆದು ಪಟ್ಟಿಗಳನ್ನು ಒರೆಸಿದೆ. ಮತ್ತೆ ಚೆಂಬಿನ ನೀರು ಸುರಿದಾಗ ಅದು ಸರ್ರನೆ ಇಳಿದು ನನ್ನ ಚಪ್ಪಲಿ ನೆನೆಸಿತು. ಎಲ್ಲವನ್ನೂ ಒಣಗಿಸಿ ಕೂರಿಸಿ, ಆಸ್ಪತ್ರೆಯ ಷೀಟುಗಳನ್ನು ತುಂಬಿ ಆನ್ ಮಾಡಿದೆ. ಮೊದಲಾದರೆ ಕಾಫಿ ಕುಡಿಯುವಷ್ಟರಲ್ಲಿ ಮುಗೀತೆಂದು ಕೂಗುತ್ತಿದ್ದ ಮಿಷನ್, ಈಗ ಕಾಫಿ ಮುಗಿದು ಲೋಟ ತೊಳೆದಿಟ್ಟ ಮೇಲೂ ತಿರುಗುತ್ತಲೇ ಇತ್ತು. ಹೊರಗೆ ಪೈಪಿನಿಂದ ಹಬೆ ದಟ್ಟವಾಗಿ ಬರುತ್ತಿತ್ತು. ಮಿಷನ್ ನಿಲ್ಲಲಿಲ್ಲ ಎಂದು ನಾನು ಖುಷಿಪಟ್ಟದ್ದು ನನ್ನ ಸರ್ವೀಸಿನಲ್ಲಿ ಅದೊಂದೇ ಸಲ.

ಕೊನೆಗೆ ಅದು ಕೂಗಿದಾಗ ಮೂವರೂ ಎದ್ದೆವು. ಮಂಜುಳಾ ಒಂದು ಷೀಟು ಎಳೆದು ಮುಖಕ್ಕೆ ಒತ್ತಿಕೊಂಡರು. “ಬೆಚ್ಚಗಿದೆ ಅತ್ತೆ,” ಎಂದು ಅತ್ತೆಯ ಕೆನ್ನೆಗೂ ಹಿಡಿದರು. ಇಬ್ಬರ ಕಣ್ಣೂ ತುಂಬಿತ್ತು. ನನ್ನ ಎದೆಯ ಮೇಲಿಂದಲೂ ಒಂದು ಭಾರ ಇಳಿಯಿತು.

ಹೊರಡುವ ಮುನ್ನ ಸಾಕಮ್ಮನಿಗೆ ಹೇಳಿದೆ, ಗಂಜಿ ನಿಲ್ಲಿಸಬೇಡಿ, ಗಂಜಿ ಬಟ್ಟೆಯನ್ನು ಮಿಷನ್ನಿಗೆ ಹಾಕಬೇಡಿ ಅಷ್ಟೆ, ಬಿಸಿಲಿಲ್ಲದ ದಿನ ಶೆಡ್ಡಿನಲ್ಲಿ ತಂತಿ ಕಟ್ಟಿ ಫ್ಯಾನ್ ಹಾಕಿ ಎಂದು. ಸಂಜೆ ಮಂಜುಳಾ ಫೋನ್ ಮಾಡಿದರು. “ಸಿಸ್ಟರ್ ಷೀಟು ಮುಟ್ಟಿ ನೋಡಿ ಒಳಗೆ ತಕ್ಕೊಂಡ್ರು ಅಣ್ಣಾ. ನಾಳೇದೂ ಕೊಟ್ಟವ್ರೆ.”

ಕೆಟ್ಟದ್ದರ ಬಗ್ಗೆ ಜನ ತಾವಾಗಿಯೇ ಹೇಳುತ್ತಾರೆ. ಚೆನ್ನಾಗಿ ನಡೆಯುತ್ತಿರುವುದರ ಬಗ್ಗೆ ನಾವೇ ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದು. ಆಮೇಲೆ ಯಾವ ಮನೆಗೆ ಹೋದರೂ, ಒಣಗದ ಬಟ್ಟೆ ಯಾವುದು ಎಂಬುದರ ಜೊತೆಗೆ, ಇದರಲ್ಲಿ ಇನ್ನೇನೇನು ಒಣಗಿಸುತ್ತೀರಿ ಎಂದೂ ಕೇಳುತ್ತಿದ್ದೆ.

ನನ್ನ ನಿವೃತ್ತಿಯ ಸಮಾರಂಭಕ್ಕೆ ಬಿಳಿ ಷರ್ಟು ಸಾಕಮ್ಮನ ಹತ್ತಿರವೇ ಕೊಟ್ಟಿದ್ದೆ. ಅವತ್ತೂ ಮೋಡವಿತ್ತು. ತರಲು ಹೋದಾಗ ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು:

“ಫ್ಯಾನ್ ಕೆಳಗೇ ಒಣಗ್ಸಿರೋದು ಕಣಪ್ಪ. ಬೇಕಾದ್ರೆ ಜರಡಿಗೆ ನೀರು ಉಯ್ದು ನೋಡ್ಕೋ.”