ತುಳಸಿಕಟ್ಟೆಯ ಮೇಲಿನ ಮಳೆಮಾಪಕ

ಮಳೆಗಾಲದಲ್ಲಿ ನಮ್ಮ ಸುಂಟಿಕೊಪ್ಪದ ಕಡೆ ಫೋನು ಮಾಡಿದವರು ಮೊದಲು ಆರೋಗ್ಯ ಕೇಳುವುದಿಲ್ಲ, ಮಳೆ ಎಷ್ಟು ಇಂಚು ಎಂದು ಕೇಳುತ್ತಾರೆ. ಪಕ್ಕದ ಎಸ್ಟೇಟಿನ ಆಫೀಸಿನಲ್ಲಿ ಹಿತ್ತಾಳೆಯ ಮಳೆಮಾಪಕವಿದೆ. ಅಲ್ಲಿ ಲೆಕ್ಕ ಬರೆಯುವ ರೈಟರು ಬೆಳಿಗ್ಗೆ ಎಂಟಕ್ಕೆ ಹೇಳಿದ್ದೇ ಊರಿಗೆಲ್ಲ ಕೊನೆಯ ಮಾತು.

ಏಳನೇ ಕ್ಲಾಸಿನ ಮಗಳಿಗೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಬೇಕಿತ್ತು. ಉಳಿದ ಮಕ್ಕಳು ಮಡಿಕೇರಿಯ ಅಂಗಡಿಯಿಂದ ಬಲ್ಬು ಮಿಣುಕುವಂಥದ್ದು ತಂದರು. ನಾನು ಓದಿದ್ದು ಪಿಯುಸಿವರೆಗೆ. ಆದರೂ ಅಂಗಡಿಯದು ಬೇಡವೆಂದೆ. ಜ್ಯೂಸಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯಂತೆ ಕೂರಿಸಿದೆವು. ತಳ ಉಬ್ಬುತಗ್ಗಾಗಿತ್ತು, ಕಲ್ಲು ಹಾಕಿ, ಹೊರಗೆ ಅಂಟಿಸಿದ ಸ್ಕೇಲಿನ ಸೊನ್ನೆಯವರೆಗೆ ನೀರು ತುಂಬಿದೆವು. ಅಲ್ಲಿಂದ ಮೇಲೇರಿದ್ದು ಮಳೆ. ವಾರವಿಡೀ ಎಸ್ಟೇಟಿನ ಲೆಕ್ಕಕ್ಕೆ ತಾಳೆಯಾದರೆ ಮಾತ್ರ ಪ್ರದರ್ಶನದಲ್ಲಿ ಜಾಗ ಎಂದರು ವಿಜ್ಞಾನದ ಮೇಡಂ.

ಮೊದಲ ದಿನವೇ ಎಸ್ಟೇಟಿನಲ್ಲಿ ಒಂದೂವರೆ ಇಂಚು, ನಮ್ಮಲ್ಲಿ ಮೂರು.

“ನಿಮ್ಮ ಮನೆಗೇನು ಬೇರೆ ಆಕಾಶವಾ ಅಕ್ಕ?” ಎಂದು ರೈಟರು ಬೇಲಿಯಾಚೆ ನಿಂತು ನಕ್ಕರು. ಮಗಳು ಒಳಗೆ ಹೋಗಿ ಅತ್ತಳು. ನಾನು ಹೊರಗೆ ಹೋಗಿ ನೋಡಿದೆ. ನಾಯಿ ಉರುಳಿಸೀತೆಂದು ಬಾಟಲಿಯನ್ನು ಸೂರಿನ ಅಂಚಿಗೆ ಇಟ್ಟಿದ್ದಳು. ಹೆಂಚಿನ ನೀರೂ ಅದಕ್ಕೇ ಬೀಳುತ್ತಿತ್ತು. ಅಂಗಳದ ಸುತ್ತ ಎತ್ತರದ ಸಿಲ್ವರ್ ಓಕ್ ಮರಗಳು. ಮೇಲೆ ಆಕಾಶ ಬಿಟ್ಟು ಬೇರೇನೂ ಇಲ್ಲದ ಜಾಗ ಒಂದೇ, ತುಳಸಿಕಟ್ಟೆ. ಅದರ ಮೂಲೆಯಲ್ಲಿ ಇಟ್ಟೆ.

ಅತ್ತೆ ಹೊಸಿಲಲ್ಲೇ ನಿಂತರು. “ಎಂಥದ್ದು ಮಾರಾಯ್ತಿ, ತುಳಸಮ್ಮನ ಪಕ್ಕ ಪ್ಲಾಸ್ಟಿಕ್ ಕುಪ್ಪಿಯಾ?”

ಮದುವೆಯಾದಂದಿನಿಂದ ಅವರಿಗೆ ಎದುರಾಡಿದವಳಲ್ಲ ನಾನು. “ತೊಳೆದೇ ಇಟ್ಟಿದ್ದೇನೆ ಅತ್ತೆ. ದೇವರು ಎಷ್ಟು ಕೊಟ್ಟ ಅಂತ ಮಗು ಅವನೆದುರೇ ಅಳೆಯಲಿ. ನಾನು ತೆಗೆಯುವುದಿಲ್ಲ,” ಎಂದೆ. ಅವರು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಬಾಟಲಿ ಮಾತ್ರ ಅಲ್ಲೇ ಇತ್ತು.

ಇಟ್ಟ ಜಾಗ ತಪ್ಪಿದ್ದ ಮೊದಲ ದಿನವನ್ನು ಮೇಡಂ ಲೆಕ್ಕದಿಂದ ಬಿಟ್ಟರು. ಆಮೇಲೆ ಐದು ದಿನ ಲೆಕ್ಕ ತಾಳೆಯಾಯಿತು. ಕೊನೆಯ ದಿನ ಎಸ್ಟೇಟಿನಲ್ಲಿ ಎರಡು ಇಂಚು, ನಮ್ಮಲ್ಲಿ ಎರಡೂವರೆ. ಮಗಳು ರಬ್ಬರು ತೆಗೆದು ತನ್ನ ಅಂಕಿ ಅಳಿಸಲು ಹೊರಟಳು. ನಾನು ಅವಳ ಕೈ ಹಿಡಿದೆ.

“ನೀನು ಕಂಡದ್ದೆಷ್ಟು?”

“ಎರಡೂವರೆ.”

“ಅಷ್ಟೇ ಬರಿ.”

ಮೇಡಂ ಜಾಗ ಕೊಡಲಿಲ್ಲ. ಒಂದು ಗುಡ್ಡದ ಮಳೆ ಇನ್ನೊಂದು ಗುಡ್ಡಕ್ಕೆ ಇರುವುದಿಲ್ಲವೆಂದು ಮಗಳು ಹೇಳಿದ್ದನ್ನೂ ಕೇಳಲಿಲ್ಲ. ಸಂಜೆ ಅವಳು ಬಾಟಲಿಯನ್ನು ಮನೆಗೆ ತಂದು ತಾನಾಗಿಯೇ ಕಟ್ಟೆಯ ಮೇಲಿಟ್ಟಳು. ಅಳಲಿಲ್ಲ. ಅದೇ ನನಗೆ ದೇವರು ಕೊಟ್ಟದ್ದು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಕಕ್ಕಬೆಯಿಂದ ಅತ್ತೆಯ ತಂಗಿಯ ಫೋನು ಬಂತು. ಅತ್ತೆ ಕಿಟಕಿಯಿಂದ ಮೊಮ್ಮಗಳನ್ನು ಕೂಗಿ ಕೇಳಿಕೊಂಡು, “ಒಂದೂಕಾಲು ಇಂಚು,” ಎಂದರು. ಆಚೆಯಿಂದ ಏನೋ ಪ್ರಶ್ನೆ ಬಂದಿರಬೇಕು. “ಎಸ್ಟೇಟಿಂದು ನಂಗೆ ಗೊತ್ತಿಲ್ಲ,” ಎಂದರು ಅತ್ತೆ, “ಇದು ನಮ್ಮ ಮನೇದು.”