ಗುಲಗಂಜಿ ಎಲೆಯ ಚಹಾ

ನಿಮ್ಮ ಮನೆಯಲ್ಲೂ ಹೀಗಾಗಿದೆಯಾ? ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ, ಡಾಕ್ಟರು ಸಿಹಿ ಬಂದ್ ಮಾಡಿ, ಆಮೇಲೆ ಮನೆಮಂದಿಯೆಲ್ಲ ಸೇರಿ ಸಕ್ಕರೆಯಲ್ಲದ ಸಕ್ಕರೆ ಹುಡುಕಲು ಹೊರಟದ್ದು? ಈಗ ಸುಲಭ ಬಿಡಿ. ಮೊನ್ನೆ ನನ್ನ ಮಗಳು ಸ್ಟೀವಿಯಾ ಎಲೆಯ ಪುಡಿ ತಂದಿಟ್ಟಳು. ಡಬ್ಬಿಯ ಮೇಲೆ ಬರೆದದ್ದನ್ನು ನಾನು ಮೂರು ಸಲ ಓದಿದೆ. ಅವಳು ನಕ್ಕಳು. ನಗಲಿ. ಎಲೆಯ ಪುಡಿ ಅಂದರೆ ಇವತ್ತಿಗೂ ನಾನು ಬೆಳಕಿಗೆ ಹಿಡಿದು ನೋಡಿಯೇ ಮುಟ್ಟುವುದು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಹತ್ತು ವರ್ಷ. ಮಸ್ಕಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಅಪ್ಪನ ಪಾನಪಟ್ಟಿ ಅಂಗಡಿ. ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿ. ಅಜ್ಜಿ ಊಟ ಬಿಟ್ಟಾಳು, ಚಹಾ ಬಿಡಲಾರಳು. ಚಹಾ ಅಂದರೆ ಅವಳಿಗೆ ಬಿಸಿ ಸಕ್ಕರೆ ನೀರು, ಬಣ್ಣಕ್ಕೆ ಒಂದು ಚಿಟಿಕೆ ಪುಡಿ.

ಅವಳ ಕಾಲಿನ ಹುಣ್ಣು ಮಾಯದೆ ಇದ್ದಾಗ ಅಪ್ಪ ಲಿಂಗಸುಗೂರಿಗೆ ಕರೆದುಕೊಂಡು ಹೋದ. ಡಾಕ್ಟರು ಅವಳ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ನೀಲಿ ಔಷಧದ ಜೊತೆ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆ ಬಣ್ಣ ಬಂತು. ಸಕ್ಕರೆ, ಬೆಲ್ಲ ಎರಡೂ ಮುಟ್ಟಬಾರದು ಅಂದರು. ಅಜ್ಜಿ ಅಲ್ಲೇ ಜಗಳಕ್ಕೆ ನಿಂತಳಂತೆ. "ಉಚ್ಚಿ ನೋಡಿ ಹಣೇಬರಾ ಹೇಳತೀರೇನ್ರೀ ಸಾಹೇಬ್ರ?"

ಮನೆಗೆ ಬಂದು ಸಪ್ಪೆ ಚಹಾದ ಕಪ್ಪನ್ನು ಅವ್ವನ ಮುಂದೆ ಕುಕ್ಕಿದಳು. "ಇದನ್ನ ಎಮ್ಮಿಗೆ ಕುಡಸು. ಅದೂ ಒಲ್ಲೆ ಅಂದ್ರ ನಿನ್ನ ಗಂಡಗ ಕುಡಸು."

ಉಪಾಯ ಹುಡುಕಿದ್ದು ಅಪ್ಪ. ಅವನ ಅಂಗಡಿಯಲ್ಲಿ ಸಿಹಿ ಪಾನಿಗೆ ಹಾಕಲು ಒಣಗಿದ ಗುಲಗಂಜಿ ಎಲೆ ಇರುತ್ತಿತ್ತು. ಬಾಯಿಗೆ ಹಾಕಿದ ಕೂಡಲೇ ಸಪ್ಪೆ. ಅಗಿಯುತ್ತಾ ಹೋದರೆ ಗಂಟಲಿನ ಹತ್ತಿರ ಎಲ್ಲಿಂದಲೋ ಸಿಹಿ ಬಂದು ಕೂರುತ್ತದೆ. ಭಜನೆ ಹಾಡುವವರು ದನಿ ಬರಲಿ ಅಂತ ಅದನ್ನು ಕೇಳಿ ಇಸಿದುಕೊಳ್ಳುತ್ತಿದ್ದರು. ಅಪ್ಪ ಅದನ್ನೇ ಒಂದು ಹಿಡಿ ಚಹಾದ ನೀರಿಗೆ ಹಾಕಿ ಕುದಿಸಿದ. ಅಜ್ಜಿ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಕುಡಿದು ತುಟಿ ಚಪ್ಪರಿಸಿದಳು.

"ಸಕ್ಕರಿ ಅಲ್ಲ ಇದು," ಅಂದಳು. "ಸಕ್ಕರಿಗೆ ದೂರದ ಬೀಗ ಆಗಬೇಕು."

ಅಷ್ಟಾದರೂ ಒಪ್ಪಿದಳಲ್ಲ ಅಂತ ಮನೆ ಶಾಂತವಾಯಿತು.

ಗುಲಗಂಜಿ ಕಂಡವರಿಗೆ ಇಷ್ಟು ಹೊತ್ತಿಗೆ ಎದೆ ಝಲ್ ಅಂದಿರಬೇಕು. ಎಲೆ ಸಿಹಿ, ಬೀಜ ವಿಷ. ಅದೇ ಕೆಂಪು ಬೀಜ, ತಲೆಗೆ ಕಪ್ಪು ಬೊಟ್ಟು, ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದದ್ದು. ಇಡೀ ಬೀಜ ಕಣ್ಣಿಗೆ ಕಾಣುತ್ತದೆ, ಆರಿಸಿ ಎಸೆಯಬಹುದು. ಅರೆದರೆ ಮುಗಿಯಿತು. ಹಗೆಯವನ ಎತ್ತು ಕೊಲ್ಲಲು ಅದನ್ನೇ ಅರೆಯುತ್ತಾರೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿದ್ದ ಮಾತು. ಯಾರೂ ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ. ಇದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ಅದಕ್ಕೇ ಅಪ್ಪನ ಪದ್ಧತಿ ಕಟ್ಟುನಿಟ್ಟು. ಸಿಂಧನೂರು ಸೀಮೆಯಲ್ಲಿ ಕಾಲುವೆ ನೀರು ಬಂದು ಭತ್ತದ ಗದ್ದೆ ಮಾಡುವಾಗ ಬೇಲಿಗಳನ್ನೆಲ್ಲ ಕಿತ್ತು ಮಟ್ಟ ಮಾಡಿಬಿಟ್ಟಿದ್ದರು, ಅಲ್ಲಿ ಬಳ್ಳಿ ಉಳಿದಿರಲಿಲ್ಲ. ಅಪ್ಪ ಸಂತೆಕಲ್ಲೂರಿನ ಕಡೆ ಹೋಗಿ, ಜೋಳದ ಹೊಲದ ಬೇಲಿಯಿಂದ ಬಳ್ಳಿ ಎಳೆದು ತಂದು ಒಣಗಿಸುತ್ತಿದ್ದ. ಒಣಗಿದ ಬಳ್ಳಿಯನ್ನು ಬಿಳಿ ಧೋತರದ ಮೇಲೆ ಕೋಲಿನಿಂದ ಬಡಿಯುತ್ತಿದ್ದ. ಕಾಯಿ ಒಡೆದು ಬೀಜ ಉದುರಿ ಬಿಳಿ ಬಟ್ಟೆಯ ಮೇಲೆ ಕೆಂಪಗೆ ಕಾಣುತ್ತಿದ್ದವು. ಅವನ್ನು ಒಂದೊಂದಾಗಿ ಆರಿಸಿ ತೆಗೆದ ಮೇಲೆ ಎಲೆಯನ್ನು ಕೈಯಿಂದಲೇ ಮುರಿಯುತ್ತಿದ್ದ. ಒಳಕಲ್ಲಿಗೆ ಎಂದೂ ಹಾಕುತ್ತಿರಲಿಲ್ಲ.

ಯಾಕೆ ಹಾಕುವುದಿಲ್ಲ ಅಂತ ನಾನು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಜನವರಿ ಇರಬೇಕು, ಬಳ್ಳಿಯಲ್ಲಿ ಕಾಯಿ ಒಣಗುವ ಕಾಲ. ಅಜ್ಜಿ ಸಿಂಧನೂರು ದಾರಿಯ ಗೊರೇಬಾಳಕ್ಕೆ, ಮಗಳ ಮನೆಗೆ ಹೊರಟಿದ್ದಳು. ನನ್ನ ಸೋದರತ್ತೆ, ಅಪ್ಪನ ಅಕ್ಕ, ಅಲ್ಲಿ ಗದ್ದೆ ಮಾಡಿಸುತ್ತಿದ್ದರು. ಹೊರಡುವ ಹಿಂದಿನ ಸಂಜೆ ಅಜ್ಜಿಗೂ ಅವ್ವನಿಗೂ ಜೋರು ಜಗಳವಾಯಿತು. ಅವ್ವ ಸಕ್ಕರೆ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇ ಕಾರಣ.

"ನಾ ಸತ್ರ ಸಾಕಾಗೈತಿ ನಿನಗ!" ಅಂತ ಅಜ್ಜಿ ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಹ್ಞೂಂ, ಸಾಕಾಗೈತಿ!" ಅಂತ ಅವ್ವನೂ ಕೂಗಿದಳು.

ನನಗೆ ಅಜ್ಜಿಯ ಮೇಲೆ ಕನಿಕರ. ಎಲೆಯ ಚೂರು ಬಾಯಿಗೆ ಬರುತ್ತವೆ, ಹಲ್ಲಿಗೆ ಸಿಗುತ್ತವೆ ಅಂತ ಅವಳು ದಿನವೂ ಗೊಣಗುತ್ತಿದ್ದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಮೂಲೆಯಲ್ಲಿ ಒರಗಿಸಿದ್ದ ಒಣ ಬಳ್ಳಿಯನ್ನು ಅಪ್ಪ ಬಡಿದೇ ಇಟ್ಟಿದ್ದಾನೆ ಅಂದುಕೊಂಡು ಅರೆಗತ್ತಲಲ್ಲೇ ಎಲೆಯನ್ನು ಗರಗರ ಉಜ್ಜಿ ಕಿತ್ತೆ, ಒಳಕಲ್ಲಿಗೆ ಹಾಕಿ ನುಣ್ಣಗೆ ಕುಟ್ಟಿದೆ, ತಗಡಿನ ಡಬ್ಬಿಗೆ ತುಂಬಿ ಅಜ್ಜಿಯ ಚೀಲದಲ್ಲಿಟ್ಟೆ. ಅಜ್ಜಿ ನನ್ನ ಗಲ್ಲ ಸವರಿ, "ನನ್ನ ಬಂಗಾರ, ನಿಮ್ಮವ್ವನ ಗುಣ ಬಂದಿಲ್ಲ ನಿನಗ," ಅಂದು ಬಸ್ಸು ಹತ್ತಿದಳು. ಅಪ್ಪ ವೀಳ್ಯದೆಲೆ ತರಲು ಲಿಂಗಸುಗೂರಿನ ಬಸ್ಸು ಹತ್ತಿದ.

ಮಧ್ಯಾಹ್ನದ ಹೊತ್ತಿಗೆ ಅವ್ವ ಶೇಂಗಾ ಚಟ್ನಿ ಕುಟ್ಟಲು ಒಳಕಲ್ಲಿನ ಹತ್ತಿರ ಕೂತಳು. ಕೂತವಳು ಬಗ್ಗಿ ಒಳಗೆ ಬೆರಳಾಡಿಸಿದಳು. ಬೆರಳ ತುದಿಗೆ ಹಸಿರು ಪುಡಿ. ಪುಡಿಯಲ್ಲಿ ಕೆಂಪು ಸಿಪ್ಪೆ.

"ಇದರಾಗ ಏನ ಕುಟ್ಟಿದ್ಯಬೇ?"

"ಅಜ್ಜಿ ಎಲಿ."

"ಯಾವ ಬಳ್ಳಿದು?"

"ಮೂಲ್ಯಾಗಿಂದು."

"ನಿಮ್ಮಪ್ಪ ಅದನ್ನ ಬಡದಿದ್ದನೇನು?"

ನನಗೆ ಆಗ ತಿಳಿಯಿತು. ಬೀಜವೂ ಎಲೆಯ ಜೊತೆ ಕುಟ್ಟಿಹೋಗಿತ್ತು. ಅವ್ವ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಗೋಡೆ ಹಿಡಿದು ನಿಂತು ಅಂದಳು, "ನಿನ್ನೆ ಓಣಿ ಮಂದಿ ಎಲ್ಲಾ ಕೇಳ್ಯಾರ. ಸೊಸಿ ಅತ್ತಿಗೆ ಗುಲಗಂಜಿ ಅರದು ಕೊಟ್ಟಳು ಅಂತಾರ. ಹುಡುಗಿ ಕುಟ್ಟಿತು ಅಂದ್ರ ಯಾರ ನಂಬ್ತಾರ?"

ರೊಟ್ಟಿಯ ಹಿಟ್ಟು ಹತ್ತಿದ ಸೀರೆಯಲ್ಲೇ ನನ್ನ ರಟ್ಟೆ ಹಿಡಿದು ಹೊರಟಳು. ಫೋನು ಯಾರ ಮನೆಯಲ್ಲಿತ್ತು ಆಗ? ಸಿಂಧನೂರಿನ ಬಸ್ಸೊಂದೇ ದಾರಿ. ಸೋದರತ್ತೆಯ ಮನೆಯಲ್ಲಿ ಸಸಿ ನಾಟಿ ನಡೆದಿತ್ತು. ಮೂರೂವರೆ, ನಾಲ್ಕಕ್ಕೆ ಆಳುಗಳಿಗೆ ದೊಡ್ಡ ಪಾತ್ರೆಯಲ್ಲಿ ಚಹಾ ಕಾಯಿಸುತ್ತಾರೆ. ಅಂದರೆ ಅಜ್ಜಿ ಒಬ್ಬಳ ಮಾತಲ್ಲ. ಸಕ್ಕರೆ ಉಳಿಯಲಿ ಅಂತ ಸೋದರತ್ತೆ ಆ ಪುಡಿಯನ್ನು ಪಾತ್ರೆಗೇ ಸುರಿದರೆ? ಅವರದು ಹಿಡಿತದ ಕೈ, ಸುರಿದರೂ ಸುರಿದಾರು.

ಕಂಡಕ್ಟರು ಅಪ್ಪನ ಅಂಗಡಿಯ ಖಾಯಂ ಗಿರಾಕಿ. "ಏನಕ್ಕಾ, ಅತ್ತಿ ಮುಂಜಾನಿ ಹೋದ್ಲು, ಸೊಸಿ ಮಧ್ಯಾಹ್ನ. ಒಬ್ಬರನ್ನ ಬಿಟ್ಟು ಒಬ್ಬರು ಇರಂಗಿಲ್ಲೇನು?" ಅಂತ ನಕ್ಕ. ಅವ್ವ ನಗಲಿಲ್ಲ. ದಾರಿಯಲ್ಲಿ ಕಾಲುವೆಯ ಸೇತುವೆ ಮೇಲೆ ಸಸಿ ಹೇರಿದ ಗಾಡಿಯೊಂದು ಕೀಲು ಮುರಿದು ಅಡ್ಡ ನಿಂತಿತ್ತು. ಡ್ರೈವರು ಇಳಿದು ಬೀಡಿ ಹಚ್ಚಿದ. ಅವ್ವ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡಸರ ಜೊತೆ ತಾನೂ ಆ ಗಾಡಿಗೆ ಕೈ ಹಚ್ಚಿ ನೂಕಿದಳು. ನಾನು ಕಿಟಕಿಯಲ್ಲಿ ಕೂತು ಬಿಸಿಲು ಎಷ್ಟು ಇಳಿದಿದೆ ಅಂತ ನೋಡುತ್ತಿದ್ದೆ. ಅಷ್ಟೇ ನನ್ನಿಂದ ಆದದ್ದು.

ಗೊರೇಬಾಳದಲ್ಲಿ ಇಳಿದು ಗದ್ದೆಯ ಬದುವಿನ ಮೇಲೆ ಓಡಿದೆವು. ಅಂಗಳದಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು, ಚಹಾ ಕುದಿಯುತ್ತಿತ್ತು. ಕಟ್ಟೆಯ ಮೇಲೆ ಅಜ್ಜಿ ಬಸಿ ಹಿಡಿದು ಸುರ್‌ ಅಂತ ಹೀರುತ್ತಿದ್ದಳು.

"ಅತ್ತೀ, ಕುಡೀಬ್ಯಾಡ್ರೀ!"

ಅಜ್ಜಿ ಬೆಚ್ಚಿ ಬಸಿಯನ್ನು ಸೆರಗಿನಲ್ಲಿ ಮರೆಮಾಡಿದಳು. "ಯಾಕಬೇ? ನನ್ನ ಹಿಂದ ಪೊಲೀಸಗಿರಿಗೆ ಬಂದೀಯೇನು?"

"ಆ ಡಬ್ಬಿ ಎಲ್ಲೈತ್ರೀ? ಪುಡಿ ಡಬ್ಬಿ?"

"ಯಾವ ಡಬ್ಬಿ? ನಾ ತಂದೇ ಇಲ್ಲ. ಮನ್ಯಾಗ ಮರತೀನಿ."

ಸೋದರತ್ತೆ ಸೌಟು ಹಿಡಿದು ಬಂದರು. "ಹೌದು, ಎಲಿ ಮರತು ಬಂದೀನಿ, ಇವತ್ತೊಂದ ದಿನ ಸಕ್ಕರಿ ಹಾಕು ಅಂದ್ಲು. ಹಾಕಿದೆ. ಅದಕ್ಯಾಕ ಹಿಂಗ ಓಡಿ ಬಂದೀಯವ್ವಾ?"

ಅಜ್ಜಿ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಆ ಬೆಳಿಗ್ಗೆ ನಾನೇ ಚೀಲಕ್ಕೆ ಹಾಕಿದ ಡಬ್ಬಿ. ಸುಳ್ಳು ಹೇಳಿ ಸಕ್ಕರೆ ಚಹಾ ಕುಡಿಯಲು ಅದನ್ನು ಬಚ್ಚಿಟ್ಟಿದ್ದಾಳೆ ಅಂತ ನನಗೆ ಹೊಳೆಯಿತು, ಅವ್ವನಿಗೂ ಹೊಳೆದಿರಬೇಕು. ಅವಳ ಭುಜ ಒಂದು ಸಲ ಇಳಿದವು. ಆದರೆ ಡಬ್ಬಿ ಇನ್ನೂ ಆ ಮನೆಯಲ್ಲಿತ್ತು. ಇವತ್ತು ಕುಡಿಯದಿದ್ದರೆ ನಾಳೆ ಕುಡಿಯುತ್ತಾಳೆ, ಇಲ್ಲವೇ ಇನ್ಯಾರೋ ತೆಗೆಯುತ್ತಾರೆ. ನಿಜ ಹೇಳದೆ ಅದು ಹೊರಬರುವಂತಿರಲಿಲ್ಲ. ನಿಜ ಹೇಳಬೇಕಾದದ್ದು ಗಂಡನ ಅಕ್ಕನ ಮುಂದೆ, ಆಳುಗಳ ಮುಂದೆ.

"ಡಬ್ಬಿ ಕೊಡ್ರೀ ಅತ್ತಿ," ಅಂದಳು ಅವ್ವ. "ಅದರಾಗ ಬೀಜ ಬಿದ್ದಾವ. ಬೀಜ ಸಮೇತ ಕುಟ್ಟಿದ್ದು ಅದು."

ಸೋದರತ್ತೆ ಸೌಟು ಕೆಳಗಿಟ್ಟರು.

"ಕುಟ್ಟಿದವರು ಯಾರು?"

ನಾನು ಬಾಯಿ ತೆರೆದೆ. ಅವ್ವ ನನ್ನ ರಟ್ಟೆಯನ್ನು ಜೋರಾಗಿ ಹಿಂಡಿದಳು.

"ನಾನ ಕುಟ್ಟೀನಿ, ಅಕ್ಕಾ. ನೋಡಲಿಲ್ಲ. ತಪ್ಪಾತು."

"ನೋಡಲಿಲ್ಲಾ? ಪಾನಪಟ್ಟಿಯವನ ಹೆಂಡ್ತಿ ಗುಲಗಂಜಿ ನೋಡಲಿಲ್ಲಾ?" ಸೋದರತ್ತೆಯ ದನಿ ಏರಿತು. "ನಮ್ಮವ್ವ ಈಗ ಹೇಳಾಕತ್ತಿದ್ಲು, ನಿನ್ನೆ ನೀ ಸಾಯಿ ಅಂದಿ ಅಂತ!"

ಅಜ್ಜಿ ಚೀಲದೊಳಗೆ ಕೈ ಹಾಕಿ ಡಬ್ಬಿ ತೆಗೆದಳು. ಅದನ್ನು ಒಂದು ಗಳಿಗೆ ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಗೊತ್ತು. ಬೆಳಿಗ್ಗೆ ಅದನ್ನು ಕೊಟ್ಟದ್ದು ಯಾರು ಅಂತ ಅವ್ವನನ್ನು ಬಿಟ್ಟರೆ ಅವಳೊಬ್ಬಳಿಗೆ ಗೊತ್ತು.

"ಸುಮ್ಮನಿರಬೇ," ಅಂದಳು ಮಗಳಿಗೆ. "ಕೊಲ್ಲಾಕ ಕುಟ್ಟಿದಾಕಿ ಉಳಸಾಕ ಬಸ್ಸು ಹತ್ತಿ ಬರತಾಳೇನು?"

ಅಷ್ಟೇ. ಕುಟ್ಟಿದ್ದು ನಾನು ಅಂತ ಅವಳೂ ಹೇಳಲಿಲ್ಲ.

ಅವ್ವ ಆ ಪುಡಿಯನ್ನು ದನ, ಕೋಳಿ ಸುಳಿಯದ ಕಡೆ ಒಯ್ದು ಮೊಣಕೈ ಆಳದ ಗುಂಡಿ ತೋಡಿ ಹುಗಿದಳು. ತಿರುಗಿ ಹೋಗುವ ಬಸ್ಸಿನಲ್ಲಿ ನನ್ನ ಕಡೆ ನೋಡದೆ ಅಂದಳು, "ಬಾಯಿ ಬಿಟ್ಟಿಯಂದ್ರ ನೋಡು. ನಾಳೆ ನಿನ್ನ ಕೇಳಾಕ ಬರೋ ಮಂದಿಗೆ ಇದೊಂದ ಮಾತು ಸಾಕು, ವಿಷ ಕುಟ್ಟಿದ ಹುಡುಗಿ ಅಂತ. ನನಗೇನು, ಲಗ್ನ ಆಗಿ ಹೋಗೈತಿ."

ಅಪ್ಪ ಮನೆಯಲ್ಲಿದ್ದ ಬಳ್ಳಿಯನ್ನೆಲ್ಲ ಸುಟ್ಟ. ಅವ್ವನೇ ಕುಟ್ಟಿದ್ದು ಅಂತ ನಂಬಿ ಅವಳ ಜೊತೆ ಎಷ್ಟೋ ದಿನ ಮಾತು ಬಿಟ್ಟ. ಅಜ್ಜಿ ಕದ್ದು ಸಕ್ಕರೆ ತಿನ್ನುತ್ತಾ, ಬೈಯುತ್ತಾ, ಇನ್ನೂ ಕೆಲವು ವರ್ಷ ಬದುಕಿದಳು. ಸೋದರತ್ತೆ ಮಾತ್ರ ನಮ್ಮ ಮನೆಗೆ ಬಂದಾಗ ಅವ್ವನ ಕೈಯ ಚಹಾ ಮುಟ್ಟಲಿಲ್ಲ. "ಈಗಷ್ಟ ಕುಡದೀನಿ," ಅನ್ನುತ್ತಿದ್ದರು. ಅವ್ವ ಪ್ರತಿ ಸಲ ಕಪ್ಪು ಮುಂದಿಡುತ್ತಿದ್ದಳು, ಪ್ರತಿ ಸಲ ಅದನ್ನು ಬಚ್ಚಲಿಗೆ ಸುರಿಯುತ್ತಿದ್ದಳು. ನನ್ನ ಲಗ್ನವಾಯಿತು, ಮಕ್ಕಳಾದರು. ಆಗಲೂ ನಾನು ಹೇಳಲಿಲ್ಲ. ಮೊದಮೊದಲು ಹೆದರಿಕೆ, ಆಮೇಲೆ ಇಷ್ಟು ವರ್ಷದ ಮೇಲೆ ಯಾಕೆ ಅನ್ನುವ ಸೋಮಾರಿತನ. ನಾಚಿಕೆಗೇಡು ಅನ್ನಿ, ಒಪ್ಪುತ್ತೇನೆ.

ಅವ್ವ ತೀರಿಕೊಂಡ ಮೇಲೆ ದಿನಕರ್ಮಕ್ಕೆ ಸೇರಿದ್ದ ಮಂದಿಯ ಮುಂದೆ ಸೋದರತ್ತೆ ಅದನ್ನೇ ತಮಾಷೆಯಾಗಿ ಹೇಳಿದರು: "ಒಮ್ಮೆ ನಮ್ಮವ್ವಗ ಗುಲಗಂಜಿ ಕುಡಸಾಕ ಹೋಗಿದ್ಲು ಮಹಾರಾಯ್ತಿ." ಎಲ್ಲರೂ ನಕ್ಕರು. ನಾನು ಅಲ್ಲೇ ಊಟಕ್ಕೆ ಬಡಿಸುತ್ತಿದ್ದೆ.

ಸೋದರತ್ತೆ ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳು ನನ್ನ ಬರಹ ಓದುತ್ತಾರೆ, ಇದನ್ನು ಸೋದರತ್ತೆಗೆ ಗಟ್ಟಿಯಾಗಿ ಓದಿ ಹೇಳಲಿ. ಕುಟ್ಟಿದ್ದು ನಾನು. ಅವ್ವ ಅಲ್ಲ.

ನಿಮ್ಮ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡು ಹೋದವರು ನಿಮ್ಮ ಮನೆಯಲ್ಲೂ ಇದ್ದಾರಾ? ಇದ್ದರೆ ಕೆಳಗೆ ಬರೆಯಿರಿ. ಹೆಸರು ಬೇಡ, ಆದದ್ದು ಹೇಳಿ ಸಾಕು. ಅವರು ಇನ್ನೂ ಬದುಕಿದ್ದರೆ ಮಾತ್ರ ಇಲ್ಲಿ ಬರೆಯುವ ಮೊದಲು ಅವರ ಮುಂದೆ ಹೋಗಿ ಹೇಳಿ ಬನ್ನಿ.