ಒಂದೇ ಅಳತೆಯ ಮೂರು ಸರಳುಗಳು

ಆಗೆಲ್ಲ ಲಗ್ಗೆರೆಯ ನಮ್ಮ ಬೀದಿಯಲ್ಲಿ ಮಧ್ಯಾಹ್ನ ಮೂರೂವರೆಯಿಂದ ಸಂಜೆ ಏಳರವರೆಗೆ ಒಬ್ಬಿಬ್ಬರು ಮುದುಕರನ್ನು ಬಿಟ್ಟರೆ ದೊಡ್ಡವರು ಎನ್ನುವವರೇ ಸಿಗುತ್ತಿರಲಿಲ್ಲ. ಗಂಡಸರು ಪೀಣ್ಯದ ಶೆಡ್ಡುಗಳಲ್ಲಿ, ಹೆಂಗಸರು ಗಾರ್ಮೆಂಟ್ಸಿನಲ್ಲಿ. ಕೊರಳಿಗೆ ಮನೆಯ ಬೀಗದ ಕೈ ಕಟ್ಟಿಕೊಂಡು ಶಾಲೆಗೆ ಹೋಗಿ ಬಂದವರು ನಿಮ್ಮಲ್ಲಿದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಬಾಗಿಲು ತೆಗೆದರೆ ಒಂದು ಕೋಣೆ, ಒಂದು ಅಡುಗೆಮನೆ, ಮುಚ್ಚಿಟ್ಟ ತಟ್ಟೆಯಲ್ಲಿ ಬೆಳಗಿನ ತಣ್ಣನೆಯ ಚಿತ್ರಾನ್ನ. ನಾನು ಒಬ್ಬಳೇ ಮಗಳು, ಐದನೇ ಕ್ಲಾಸು. ನೆಲದ ಮೇಲೆ ಚೌಕಾಬಾರದ ಮನೆ ಬರೆದು ಎರಡೂ ಕಡೆಯ ಕಾಯಿಗಳನ್ನು ನಾನೇ ನಡೆಸುತ್ತಿದ್ದೆ. ಮೋಸವನ್ನೂ ನಾನೇ ಮಾಡುತ್ತಿದ್ದೆ, ಜಗಳಕ್ಕೆ ಮಾತ್ರ ಯಾರೂ ಇರಲಿಲ್ಲ.

ಆ ವರ್ಷ ದಸರಾ ರಜೆ ಮುಗಿಯುವ ಹೊತ್ತಿಗೆ ಎದುರು ಮನೆಯವರು ಖಾಲಿ ಮಾಡಿಕೊಂಡು ಹೋದರು. ಹೋಗುವಾಗ ಪಂಜರದ ಸಮೇತ ಒಂದು ನೀಲಿ ಹಕ್ಕಿಯನ್ನು ನಮಗೆ ಬಿಟ್ಟರು. ಎಲ್ಲರೂ ಅದನ್ನು ಲವ್ ಬರ್ಡ್ ಎನ್ನುತ್ತಿದ್ದರು. ಅದು ಬಡ್ಜಿ ಎಂಬ ಪುಟ್ಟ ಗಿಳಿ ಎಂದು ನನಗೆ ಗೊತ್ತಾದದ್ದು ಆಮೇಲೆ. ಅದರ ಜೋಡಿ ಮೊದಲೇ ಸತ್ತುಹೋಗಿತ್ತು. ಇಡೀ ದಿನ ನಿಂತೇ ಇದ್ದು ಒಂದೇ ಸಮ ಕೂಗುತ್ತಿದ್ದುದರಿಂದ ಅದಕ್ಕೆ ಕಂಡಕ್ಟರ್ ಎಂದು ಹೆಸರಿಟ್ಟೆ. ನಾನು ಬೀಗಕ್ಕೆ ಕೈ ಹಾಕಿದ ಸದ್ದಿಗೇ ಒಳಗೆ ಗಲಾಟೆ ಶುರು. ನನ್ನನ್ನು ಕಾಯುವ ಜೀವವೊಂದು ಆ ಮನೆಯಲ್ಲಿದೆ ಎನ್ನುವುದೇ ನನಗೆ ದೊಡ್ಡ ಸಂಭ್ರಮ. ನವಣೆ ಹಾಕಿ, ಕಂಬಿಯ ಸಂದಿಗೆ ಕೊತ್ತಂಬರಿ ಸಿಕ್ಕಿಸಿ, ಶಾಲೆಯ ಸಮಾಚಾರವನ್ನೆಲ್ಲ ಒಪ್ಪಿಸುತ್ತಿದ್ದೆ. ಚೌಕಾಬಾರದ ಎದುರು ಕಾಯಿ ಅಲ್ಲಿಂದ ಮೇಲೆ ಅದರದ್ದಾಯಿತು.

ನನ್ನ ಅಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್. ಲೇತ್ ಯಂತ್ರದಲ್ಲಿ ಉಕ್ಕನ್ನು ಸೌತೆಕಾಯಿಯ ಸಿಪ್ಪೆಯಂತೆ ಹೆರೆಯುವ ಕೈ ಅವರದ್ದು. ಆ ವರ್ಷ ಅಲ್ಲಿಗೆ ಕಂಪ್ಯೂಟರ್ ಮೆಷಿನ್ನುಗಳು ಬಂದು ಅಪ್ಪನ ಲೇತ್ ಮೂಲೆ ಸೇರಿತ್ತು. ಅಪ್ಪನಿಗೆ ಹೊಸ ಮೆಷಿನ್ನಿಗೆ ಮಾಲು ಹಾಕುವ, ತೆಗೆಯುವ ಕೆಲಸ ಕೊಟ್ಟಿದ್ದರು. ಮನೆಗೆ ಬಂದು ಆಯಿಲ್ ವಾಸನೆಯ ಶರ್ಟು ಬಿಚ್ಚಿ ಗೋಡೆಗೆ ಒರಗಿದರೆ ಊಟಕ್ಕೆ ಕರೆಯುವ ತನಕ ಮಾತೇ ಇರುತ್ತಿರಲಿಲ್ಲ.

ಪಂಜರದೊಳಗೆ ಹಕ್ಕಿ ಕೂರುವ ಮೂರು ಪ್ಲಾಸ್ಟಿಕ್ ಕೋಲುಗಳಲ್ಲಿ ಒಂದು ಮುರಿದಾಗ ಅಪ್ಪ ಎದ್ದು ಕೂತರು. ವರ್ನಿಯರ್ ಹಿಡಿದು ಮುರಿದ ತುಂಡನ್ನು ಅಳೆದರು. ಎರಡು ದಿನ ಬಿಟ್ಟು ಟಿಫಿನ್ ಚೀಲದಿಂದ ಮೂರು ಸ್ಟೀಲ್ ಸರಳು ತೆಗೆದರು. ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು, ತುದಿಗೆ ತಿರುಪಿನ ಗೆರೆ ಕೊರೆದು ನಟ್ಟು ಬೇರೆ.

"ಮೂರೂ ಒಂದೇ ಅಳತೆ. ಕೂದ್ಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಊಟದ ಟೈಮಲ್ಲಿ ನಮ್ ಹಳೇ ಲೇತ್‌ನಲ್ಲೇ ಮಾಡ್ದೆ," ಎಂದರು.

"ಹಕ್ಕಿಗೆ ಸಿಂಹಾಸನ! ನನ್ ಕುಕ್ಕರ್ ಹಿಡಿ ಮುರಿದು ಆರು ತಿಂಗ್ಳಾಯ್ತು, ಕೇಳೋರಿಲ್ಲ," ಎಂದು ಅಮ್ಮ ಅಡುಗೆಮನೆಯಿಂದಲೇ ಕುಟುಕಿದಳು. ಅಪ್ಪ ನಕ್ಕರು. ಅವರು ನಕ್ಕು ತಿಂಗಳುಗಳೇ ಆಗಿದ್ದವು.

ಕಂಡಕ್ಟರ್ ಆ ಹೊಳಪಿನ ಮೇಲೆ ಜಾರಿತು. ಅಪ್ಪ ಬಿಡುವವರೇ? ಮಾರನೆಯ ದಿನ ಎಮರಿ ಪೇಪರ್ ತಂದು, ಅಂದರೆ ಲೋಹ ಉಜ್ಜುವ ಒರಟು ಕಾಗದ, ಮೂರಕ್ಕೂ ನೀಟಾಗಿ ಅಂಟಿಸಿದರು. "ಈಗ ಗ್ರಿಪ್ ಬಂತು ನೋಡು!" ಅಲ್ಲಿಂದ ದಿನಾ ಸಂಜೆ ಬಂದೊಡನೆ ಪಂಜರದ ಮುಂದೆ ನಿಂತು ಸರಳುಗಳನ್ನು ಬಟ್ಟೆಯಿಂದ ಒರೆಸುವುದು ಅವರಿಗೆ ಪೂಜೆಯಂತಾಯಿತು.

ಮೂರು ನಾಲ್ಕು ವಾರ ಕಳೆದಿರಬಹುದು. ಕಂಡಕ್ಟರ್ ಒಂಟಿ ಕಾಲಲ್ಲಿ ನಿಲ್ಲತೊಡಗಿತು. ನಿದ್ದೆ ಬಂದಿದೆ ಎಂದುಕೊಂಡೆ. ಆಮೇಲೆ ಘಳಿಗೆಗೊಮ್ಮೆ ಕಾಲು ಬದಲಿಸುವುದು, ಕೊಕ್ಕಿನಿಂದ ಕಂಬಿ ಕಚ್ಚಿ ಜೋತುಬೀಳುವುದು ಶುರುವಾಯಿತು. ಒಂದು ಸೋಮವಾರ ಬೀಗ ತೆಗೆದಾಗ ಕೂಗಲೇ ಇಲ್ಲ. ಪಂಜರದ ತಳದಲ್ಲಿ ಮುದುಡಿ ಕೂತಿತ್ತು. ಕೈಗೆತ್ತಿಕೊಂಡು ನೋಡಿದರೆ ಅಂಗಾಲು ಸಿಪ್ಪೆ ಸುಲಿದಂತೆ ಕೆಂಪಗಿದೆ, ಒಂದು ಕಡೆ ಊದಿದೆ.

ಹೆದರಿ ಕೆಳಗಿನ ಮನೆಯ ಓನರ್ ಅಜ್ಜಿಯ ಹತ್ತಿರ ಓಡಿದೆ. ಆ ಜಾಗವೆಲ್ಲ ಹಿಂದೆ ಅವರ ರಾಗಿ ಹೊಲವಾಗಿತ್ತಂತೆ. ಉಳಿದದ್ದು ಸಂಪಿನ ಪಕ್ಕದ ಒಂದು ಸೀಬೆ ಮರ. ನಾನು ಹೇಳಿದ್ದನ್ನೆಲ್ಲ ಕೇಳಿ ಅಜ್ಜಿ ಹಕ್ಕಿಯ ಕಾಲನ್ನು ತಿರುಗಿಸಿ ನೋಡಿದರು.

"ಅಲ್ಲ ಕೂಸೇ, ಇಂಗೆ ಕಬ್ಬಿಣದ ಮ್ಯಾಲೆ ಉಜ್ಜೋ ಕಾಗ್ದ ಸುತ್ತಿ ನಿಲ್ಸಿದ್ರೆ ಕಾಲು ಏನಾಗ್ಬೇಕು? ಮರದಾಗೆ ಎಲ್ಲಾದ್ರೂ ಒಂದೇ ಸಮ ಕೊಂಬೆ ಐತಾ? ದಪ್ಪ ಇರ್ತೈತೆ, ಸಣ್ಣ ಇರ್ತೈತೆ, ಗಂಟಿರ್ತೈತೆ. ಒಂದು ಕಿತ ಪಾದ ಅಗಲಿಸ್ತೈತೆ, ಒಂದು ಕಿತ ಮುದುರ್ತೈತೆ. ಸೀಬೆ ಕೊಂಬೆ ಮುರ್ಕೊಂಡು ಹೋಗು. ಆ ಕಣಗಿಲೆ ಗಿಡ ಮಾತ್ರ ಮುಟ್ಬ್ಯಾಡ, ವಿಷ ಅದು."

ಕೊಂಬೆ ಮುರಿದು ತಂದೆ. ಸರಳು ಬಿಚ್ಚಲು ನಟ್ಟಿಗೆ ಕೈ ಹಾಕಿದೆ. ಅಷ್ಟರಲ್ಲಿ ಅಪ್ಪನ ನಗು ಕಣ್ಣಮುಂದೆ ಬಂತು. ನಿಮ್ಮ ಸರಳೇ ಹಕ್ಕಿಯ ಕಾಲು ತಿಂದಿತು ಎಂದು ಅವರಿಗೆ ಹೇಗೆ ಹೇಳುವುದು? ಕೊಂಬೆಯನ್ನು ನೀರಿನ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ.

"ಹೆಂಗವ್ನೆ ನಮ್ ಕಂಡಕ್ಟ್ರು?" ಎಂದು ಅಪ್ಪ ಸಂಜೆ ಕೇಳಿದರು.

"ಚೆನ್ನಾಗವ್ನೆ."

ಆರು ಸಂಜೆ ಇದೇ ಸುಳ್ಳು ಹೇಳಿದೆ. ಮಧ್ಯಾಹ್ನವೆಲ್ಲ ಅಮ್ಮನ ಹಳೆಯ ಸೀರೆಯನ್ನು ಮಡಚಿ ತೊಡೆಯ ಮೇಲಿಟ್ಟು, ಅದರ ಮೇಲೆ ಹಕ್ಕಿಯನ್ನು ಕೂರಿಸಿಕೊಂಡಿರುತ್ತಿದ್ದೆ. ಚೌಕಾಬಾರವೂ ಇಲ್ಲ, ಮಾತೂ ಇಲ್ಲ. ಏಳು ಗಂಟೆಗೆ ಐದು ನಿಮಿಷ ಇರುವಾಗ ಅದನ್ನು ನನ್ನ ಕೈಯಾರೆ ಎತ್ತಿ ಆ ಎಮರಿಯ ಮೇಲೆ ನಿಲ್ಲಿಸುತ್ತಿದ್ದೆ. ಅದು ನನ್ನ ಬೆರಳನ್ನು ಬಿಡುತ್ತಿರಲಿಲ್ಲ. ನಾನೇ ಬಿಡಿಸುತ್ತಿದ್ದೆ.

ಭಾನುವಾರ ಹಗಲಿನಲ್ಲಿ ಸರಳು ಒರೆಸುವಾಗ ಅಪ್ಪನ ಬಟ್ಟೆಗೆ ರಕ್ತ ಹತ್ತಿತು. ಆಗಲೇ ಪಂಜರವನ್ನು ಗಾಡಿಯ ಮುಂದಿಟ್ಟುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಪ್ರಾಣಿಗಳ ಡಾಕ್ಟರ ಬಳಿ ಹೊರಟರು.

ಡಾಕ್ಟರು ಕನ್ನಡಕ ಏರಿಸಿಕೊಂಡು ನೋಡಿದರು. "ಎಲ್ಲಾ ಒಂದೇ ಸೈಜ್ ಇಟ್ಟಿದೀರ, ಮೇಲೆ ಎಮರಿ ಬೇರೆ. ಇಡೀ ದಿನ ಪಾದದ ಒಂದೇ ಜಾಗಕ್ಕೆ ಭಾರ ಬಿದ್ರೆ ಹುಣ್ಣಾಗ್ದೆ ಇರುತ್ತಾ? ನಾಲ್ಕು ದಿನ ಮುಂಚೆ ತಂದಿದ್ರೆ ಈ ಬೆರಳು ಉಳೀತಿತ್ತು. ಯಾರ್ರೀ ಮಾಡ್ಕೊಟ್ಟಿದ್ದು ಇದನ್ನ?"

"ನಾನೇ ಸಾರ್," ಎಂದರು ಅಪ್ಪ.

ಮನೆಗೆ ಬಂದು ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿದರು. ನಾನು ಡ್ರಮ್ಮಿನ ಹಿಂದಿನಿಂದ ಕೊಂಬೆ ತಂದುಕೊಟ್ಟೆ. ಅದರ ಎಲೆಗಳು ಒಣಗಿ ಸುರುಟಿಕೊಂಡಿದ್ದವು. ಅಪ್ಪ ಎಲೆಗಳನ್ನು ನೋಡಿದರು, ನನ್ನನ್ನು ನೋಡಿದರು.

"ಯಾವತ್ತು ತಂದಿದ್ದು ಇದು?"

"ಸೋಮವಾರ."

"ಮೊದ್ಲೇ ಹೇಳ್ಬಾರ್ದಿತ್ತಾ ಮಗಾ? ನಾನೇನ್ ಬೈತಿದ್ನಾ?"

ಅಷ್ಟೇ. ಕೊಂಬೆಯನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ದಪ್ಪದ್ದು ಸಣ್ಣದ್ದು ಬೇರೆಬೇರೆ ಕತ್ತರಿಸಿ ಹಾಕಿದರು. ಕಾಲು ಚಾಚಿ ಕೂರಲೆಂದು ಚಪ್ಪಟೆ ಹಲಗೆಯನ್ನೂ ಇಟ್ಟರು. ಅಮ್ಮ ಗಾರ್ಮೆಂಟ್ಸಿನ ಮೆತ್ತನೆಯ ಚೂರುಬಟ್ಟೆ ಹಾಸಿದಳು. ಕಂಡಕ್ಟರ್ ಒಂದು ಬೆರಳು ಕಳೆದುಕೊಂಡು ಉಳಿಯಿತು. ತಿಂಗಳಾಗುವಷ್ಟರಲ್ಲಿ ಮತ್ತೆ ಕೂಗಿ ಬೀದಿ ಒಂದು ಮಾಡಿತು, ಇನ್ನೆರಡು ವರ್ಷ ಬದುಕಿತು.

ಒಂದು ಸಂಜೆ ಅಪ್ಪ, "ನಿಂಗೇನಾದ್ರೂ ಮಾಡ್ಕೊಂಡ್ ಬರ್ಲೇನೇ ವರ್ಕ್‌ಶಾಪಿಂದ?" ಎಂದು ಕೇಳಿದರು. ನನಗೊಂದು ಬುಗುರಿ ಬೇಕಿತ್ತು. ಅದೂ ಏನಾದರೂ ಎಡವಟ್ಟಾಗಿ, ಇವರ ಮುಖ ಡಾಕ್ಟರ ಮುಂದೆ ಬಾಡಿದಂತೆ ಮತ್ತೆ ಬಾಡಿದರೆ ಎಂದು ಹೆದರಿ, "ಏನೂ ಬೇಡಪ್ಪ," ಎಂದುಬಿಟ್ಟೆ. "ಸರಿ ಬಿಡು," ಎಂದರು. ಯುಗಾದಿಗೆ ಮುಂಚೆ ವರ್ಕ್‌ಶಾಪಿನವರು ಆ ಲೇತನ್ನು ಗುಜರಿಗೆ ಹಾಕಿದರು.

ಈಗ ನಾನು ಹೆಬ್ಬಗೋಡಿಯಲ್ಲಿ ಒಂಟಿ ರೂಮು ಮಾಡಿಕೊಂಡು, ಅಲ್ಲೇ ಒಂದು ಪ್ಯಾಕಿಂಗ್ ಯೂನಿಟ್ಟಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಅಪ್ಪ ಲಗ್ಗೆರೆಯಲ್ಲೇ ಇದ್ದಾರೆ, ಕೆಲಸ ಬಿಟ್ಟು ವರ್ಷಗಳಾದವು. ಫೋನಿನಲ್ಲಿ "ಊಟ ಆಯ್ತಾ?" "ಆಯ್ತು" ಎಂಬುದರ ಆಚೆ ನಮ್ಮಿಬ್ಬರಿಗೂ ಹೋಗಲು ಬರುವುದಿಲ್ಲ. ಒಂದು ಬೆರಳು ಹೋದದ್ದಕ್ಕೆ ಹಕ್ಕಿ ನನ್ನನ್ನು ಎಂದೋ ಕ್ಷಮಿಸಿತು, ಮಾರನೆಯ ದಿನವೇ ನನ್ನ ಕೈಮೇಲೆ ಬಂದು ಕೂತಿತ್ತು. ನನಗೆ ಉಳಿದಿರುವ ನೋವು ಆ ಇನ್ನೊಂದು ಸಂಜೆಯದು. ಒಂದು ಬುಗುರಿ ಬೇಕಪ್ಪ ಎಂದಿದ್ದರೆ ಅಪ್ಪ ಊಟ ಬಿಟ್ಟು ಇನ್ನೊಂದು ಸಲ ಆ ಲೇತಿನ ಮುಂದೆ ನಿಲ್ಲುತ್ತಿದ್ದರು. ಆ ಒಂದು ಸಲವನ್ನು ನಾನೇ ಅವರ ಕೈಯಿಂದ ಕಿತ್ತುಕೊಂಡೆ.